ಹಿಸ್ಟಾರಿಕ್ ಬರೆಯಬೇಕಾ, ಹಿಸ್ಟಾರಿಕಲ್ ಬರೆಯಬೇಕಾ? ಬಿದ್ರಿ ಅಂಗಡಿಯ ಹಾಳೆಗೆ ಬೇಕಾಗಿದೆ

ಚೌಬಾರಾ (ಬೀದರ್) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎರಡು ಇಂಗ್ಲಿಷ್ ಪದಗಳ ನಡುವೆ ನಾಲ್ಕು ದಿನದಿಂದ ಸಿಕ್ಕಿಹಾಕಿಕೊಂಡಿದ್ದೇನೆ. ಗೊತ್ತಿದ್ದವರು ಬಿಡಿಸಿ ಹೇಳಿ.

ನಮ್ಮ ಮಾಮಾ ಬಿದ್ರಿ ಕೆಲಸ ಮಾಡುತ್ತಾರೆ. ಮನೆಯ ಮುಂದಿನ ಕೋಣೆಯಲ್ಲೇ ಕೆಲಸ, ಅಲ್ಲೇ ಅಂಗಡಿ. ಕೋಟೆ ನೋಡಲು ಬಂದ ಹೊರಗಿನ ಮಂದಿ ಅಂಗಡಿಗೂ ಬರುತ್ತಾರೆ. ಅವರ ಕೈಗೆ ಕೊಡಲು ಒಂದು ಪುಟ ಇಂಗ್ಲಿಷಿನಲ್ಲಿ ಬರೆದುಕೊಡು ಅಂತ ಮಾಮಾ ಹೇಳಿದರು. ಬರೆದೆ. ಬೀದರ್ ಈಸ್ ಎ ಹಿಸ್ಟಾರಿಕಲ್ ಸಿಟಿ ಅಂತ ಶುರು ಮಾಡಿ, ಕೆಳಗೆ ಹೂದಾನಿಯ ಮೇಲಿನ ಬಳ್ಳಿ ಚಿತ್ತಾರ ಹಿಸ್ಟಾರಿಕಲ್ ಡಿಸೈನ್ ಅಂತ ಬರೆದೆ. 2006ರಲ್ಲಿ ಬಿದ್ರಿಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದನ್ನೂ ಹಿಸ್ಟಾರಿಕಲ್ ಮೊಮೆಂಟ್ ಅಂದೆ. ಕೊನೆಗೆ ಕಪಾಟಿನಲ್ಲಿರುವ ಅಜ್ಜಿಯ ಪಾನ್‌ದಾನ್ (ಎಲೆ ಅಡಿಕೆ ಡಬ್ಬಿ) ಬಗ್ಗೆ ಎರಡು ಸಾಲು, ಅದಕ್ಕೂ ಅದೇ ಪದ.

ಡಿಟಿಪಿ ಅಂಗಡಿಯ ಹುಡುಗ ಅಷ್ಟನ್ನೂ ಹಿಸ್ಟಾರಿಕ್ ಅಂತ ಬದಲಾಯಿಸಿಬಿಟ್ಟ. ಹಿಸ್ಟಾರಿಕಲ್ ಅನ್ನೋದು ತಪ್ಪು ಇಂಗ್ಲಿಷ್ ಅಂದ. ಬಿ.ಎ. ಓದುತ್ತಿರುವ ನನ್ನ ತಂಗಿ, ಇಲ್ಲ, ಅವನೇ ತಪ್ಪು ಅನ್ನುತ್ತಾಳೆ. ಇಂಗ್ಲಿಷ್-ಕನ್ನಡ ನಿಘಂಟು ತೆಗೆದು ನೋಡಿದರೆ ಎರಡಕ್ಕೂ ಒಂದೇ ಅರ್ಥ ಕೊಟ್ಟಿದ್ದಾರೆ: ಐತಿಹಾಸಿಕ.

ಇದನ್ನು ಮಾಮಾಗೆ ಓದಿ ಹೇಳುವಾಗ ಅವರು ಒಂದು ತಟ್ಟೆಗೆ ಮಣ್ಣು ಉಜ್ಜುತ್ತಿದ್ದರು. ನೋಡದವರಿಗೆ ಹೇಳುತ್ತೇನೆ. ತಟ್ಟೆ ಜಾಸ್ತಿ ಸತು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದದ್ದು. ಉಳಿಯಿಂದ ಗೀರಿದ ಗೆರೆಯಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸಿರುತ್ತಾರೆ. ಆಗ ಎಲ್ಲಾ ಬೂದು ಬಣ್ಣ, ಬೆಳ್ಳಿ ಎಲ್ಲಿದೆ ಅಂತಲೂ ಸರಿಯಾಗಿ ತಿಳಿಯುವುದಿಲ್ಲ. ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಮತ್ತು ನೀರು ಕಲಸಿ, ತಟ್ಟೆಯನ್ನು ಬಿಸಿ ಮಾಡಿ ಉಜ್ಜಿದರೆ ಸತು ಕಪ್ಪಗಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಆ ಕಪ್ಪು ಏಳುವ ಹೊತ್ತಿಗೆ ಮಾಮಾ ತಲೆ ಎತ್ತಿ ಕೇಳಿದರು, "ಹೋದ ವಾರ ಮಾಡಿದ್ದಕ್ಕ ಹಿಸ್ಟಾರಿಕ್ ಅಂದ್ರ, ಹಳೇದು ಅಂತ ಸುಳ್ಳ ಹೇಳ್ದಂಗ ಆಗಂಗಿಲ್ಲೇನು?"

ಅದಕ್ಕೇ ಕೇಳುತ್ತಿದ್ದೇನೆ. ಬರೀ ವ್ಯಾಕರಣದ ಪ್ರಶ್ನೆ ಆಗಿದ್ದರೆ ಬಿಟ್ಟುಬಿಡುತ್ತಿದ್ದೆ. ಆ ಹಾಳೆ ಓದಿ ಜನ ದುಡ್ಡು ಕೊಡುತ್ತಾರೆ.

ಮಳಖೇಡ ಮಾಸ್ತರ (ಕಲಬುರಗಿ):

ನಿಮ್ಮ ಮಾಮಾ ಕೇಳಿದ್ದೇ ಸರಿಯಾದ ಪ್ರಶ್ನೆ. ಮೊದಲು ಅವರಿಗೆ ನಮಸ್ಕಾರ ಹೇಳಿ.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ, ಈ ಗೊಂದಲ ಪ್ರತಿ ವರ್ಷ ಬರುತ್ತದೆ. ಎರಡೂ ಪದ ಸರಿಯಾದ ಇಂಗ್ಲಿಷೇ. ಬೇರೂ ಒಂದೇ, ಗ್ರೀಕ್ ಭಾಷೆಯ ಹಿಸ್ಟೋರಿಯಾ, ಅಂದರೆ ಕೇಳಿ ವಿಚಾರಿಸಿ ತಿಳಿದುಕೊಂಡದ್ದು. ಮೊದಲು ಇಂಗ್ಲಿಷಿನವರೂ ಇವೆರಡನ್ನು ಒಂದೇ ಅರ್ಥದಲ್ಲಿ ಬಳಸುತ್ತಿದ್ದರು. ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಹಾಗೆ ಆಮೇಲೆ ಅರ್ಥ ಹಂಚಿಕೆಯಾಯಿತು. ಬದು ಮಾತ್ರ ಅಷ್ಟು ಗಟ್ಟಿಯಾಗಿಲ್ಲ.

ಹಿಸ್ಟಾರಿಕಲ್ ಅಂದರೆ ಆಗಿಹೋದ ಕಾಲಕ್ಕೆ ಸೇರಿದ್ದು, ಇಲ್ಲವೇ ಆ ಕಾಲದ ಬಗ್ಗೆ ಇರುವುದು. ಅದು ದೊಡ್ಡದೋ ಚಿಕ್ಕದೋ ಅನ್ನುವ ಮಾತು ಆ ಪದದಲ್ಲಿ ಇಲ್ಲ. ನೂರು ವರ್ಷದ ಹಿಂದಿನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಸಿಕ್ಕರೆ ಅದೂ ಹಿಸ್ಟಾರಿಕಲ್ ರೆಕಾರ್ಡ್. ಹಿಸ್ಟಾರಿಕ್ ಅನ್ನುವುದಕ್ಕೆ ತೂಕ ಇದೆ. ಮುಂದಿನವರು ನೆನಪಿಡುವಂಥದ್ದು, ಅಲ್ಲಿಂದ ಏನೋ ಬದಲಾಯಿತು ಅನ್ನುವಂಥದ್ದು.

ನಮ್ಮ ಕಡೆಯದೇ ನೋಡಿ. 1948ರ ಸೆಪ್ಟೆಂಬರ್ 17, ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ದಿನ. ನಮ್ಮ ಭಾಗದವರಿಗೆ ಅದು ಹಿಸ್ಟಾರಿಕ್ ಡೇ. ಆ ದಿನಗಳ ಬಗ್ಗೆ ಈಗ ಕೂತು ಬರೆದ ಪುಸ್ತಕ ಹಿಸ್ಟಾರಿಕಲ್ ಸ್ಟಡಿ. ಆ ಪುಸ್ತಕ ಚೆನ್ನಾಗಿರಲಿ ಬಿಡಲಿ, ಹಿಸ್ಟಾರಿಕಲ್ ಆಗಿಯೇ ಇರುತ್ತದೆ.

ಮಕ್ಕಳಿಗೆ ನಾನು ಹೇಳುವ ಇನ್ನೊಂದು ಗುರುತು ಇದೆ. ಈಗ ಕಣ್ಣ ಮುಂದೆ ಆಗುತ್ತಿರುವುದಕ್ಕೂ ಹಿಸ್ಟಾರಿಕ್ ಹೊಂದುತ್ತದೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಕಡೆ ಇಳಿಯಿತಲ್ಲ, ನಮ್ಮ ಶಾಲೆಯಲ್ಲಿ ಮಕ್ಕಳು ಬೆಂಚು ಹತ್ತಿ ಕೂಗಿದರು. ಆ ನಿಮಿಷದಲ್ಲೇ ಅದು ಹಿಸ್ಟಾರಿಕ್ ಲ್ಯಾಂಡಿಂಗ್. ಅದೇ ಗಳಿಗೆಯಲ್ಲಿ ಹಿಸ್ಟಾರಿಕಲ್ ಅಂದರೆ ಹೊಂದುವುದಿಲ್ಲ, ಅದಿನ್ನೂ ಹಿಂದಕ್ಕೆ ಸರಿದಿರಲೇ ಇಲ್ಲ.

ಎರಡೂ ಹೊಂದುವ, ಆದರೆ ಬೇರೆ ಬೇರೆ ಅರ್ಥ ಬರುವ ಜಾಗವೂ ಇದೆ. ಬಸವಣ್ಣ ಹಿಸ್ಟಾರಿಕಲ್ ಫಿಗರ್ ಅಂದರೆ ನಿಜವಾಗಿ ಬದುಕಿದ್ದ ಮನುಷ್ಯ, ಬರೀ ಪುರಾಣದ ಪಾತ್ರ ಅಲ್ಲ ಅಂತ. ಅದಕ್ಕೆ ಆಧಾರ ಕೊಡಬೇಕಾಗುತ್ತದೆ, ಅವರ ಹೆಸರಿರುವ 1260ರ ಅರ್ಜುನವಾಡ ಶಾಸನದಂಥದ್ದು. ಬಸವಣ್ಣ ಹಿಸ್ಟಾರಿಕ್ ಫಿಗರ್ ಅಂದರೆ ಕಲ್ಯಾಣದಲ್ಲಿ ಅವರು ಮಾಡಿದ ಕೆಲಸದಿಂದ ಸಮಾಜ ಅಲುಗಾಡಿತು ಅಂತ. ಇದಕ್ಕೆ ಶಾಸನ ಸಾಲದು, ವಚನ ಓದಬೇಕು.

ಈಗ ನಿಮ್ಮ ಹಾಳೆ. ಬೀದರ್ ಊರಿಗೆ ಹಿಸ್ಟಾರಿಕ್ ಹಾಕಿ. ಬಹಮನಿಗಳ ರಾಜಧಾನಿ, 1472ರ ಮಹಮೂದ್ ಗವಾನ್ ಮದರಸಾ ಇರುವ ಊರು, ಆ ತೂಕ ಅದಕ್ಕಿದೆ. ಚಿತ್ತಾರಕ್ಕೆ ಹಿಸ್ಟಾರಿಕಲ್ ಇರಲಿ: ಹಿಂದಿನ ಕಾಲದ ಮಾದರಿ ಅಂತ ಮಾತ್ರ ಹೇಳುತ್ತದೆ, ಹೂದಾನಿ ಹಳೆಯದು ಅನ್ನುವುದಿಲ್ಲ. ಜಿಐ ಸಿಕ್ಕಿದ್ದು ಹಿಸ್ಟಾರಿಕ್ ಮೊಮೆಂಟ್, ಅಲ್ಲಿ ಡಿಟಿಪಿ ಹುಡುಗ ಬದಲಾಯಿಸಿದ್ದು ಸರಿ. ಪಾನ್‌ದಾನ್‌ಗೆ ಎರಡೂ ಬೇಡ ಅಂತ ನನ್ನ ಅನಿಸಿಕೆ.

ತೊಗರಿ ಚೀಲ (ಕಲಬುರಗಿ):

ಮಾಸ್ತರರೇ, ಇದನ್ನು ಮೂರು ವರ್ಷ ಮೊದಲು ಯಾರಾದರೂ ನನಗೆ ಹೇಳಿದ್ದರೆ ಎಷ್ಟು ಚಲೋ ಆಗುತ್ತಿತ್ತು.

ನಾನು ಅಡತ್ ಅಂಗಡಿಯಲ್ಲಿ, ಅಂದರೆ ರೈತರ ಮಾಲು ಮಾರಿಸಿಕೊಡುವ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ತೊಗರಿ ಬರುವ ದಿನಗಳಲ್ಲಿ ಫೋನಿಗೆ ರೇಟಿನ ಮೆಸೇಜ್ ಮೇಲೆ ಮೆಸೇಜ್. ಒಂದು ದಿನ ತೊಗರಿಯ ಹಿಸ್ಟಾರಿಕಲ್ ಪ್ರೈಸ್ ಅಂತ ತಲೆಬರಹ ಹಾಕಿದ ಪಟ್ಟಿ ಬಂತು. ಮೇಲಿನ ಸಾಲಿನಲ್ಲೇ ದೊಡ್ಡ ಅಂಕಿ ಕಾಣಿಸಿತು. ಹಿಂದೆಂದೂ ಇಲ್ಲದ ರೇಟು ಬಂದಿದೆ ಅಂತ ತಿಳಿದು ನಮ್ಮ ಊರಿನ ಇಬ್ಬರು ರೈತರಿಗೆ ಫೋನ್ ಮಾಡಿದೆ. ಅವರು ಟಂಟಂ ಗಾಡಿ ಬಾಡಿಗೆಗೆ ಮಾಡಿಕೊಂಡು ಚೀಲ ಹೇರಿಕೊಂಡು ಬಂದರು. ಆದರೆ ಅದು ಹಿಂದಿನ ವರ್ಷಗಳ ರೇಟಿನ ಪಟ್ಟಿ ಅಷ್ಟೇ. ಅವತ್ತಿನ ರೇಟು ಅದಕ್ಕಿಂತ ಬಹಳ ಕಡಿಮೆ ಇತ್ತು. ಒಬ್ಬರು ಚೀಲ ವಾಪಸ್ ಒಯ್ದರು, ಬಾಡಿಗೆ ಮೈಮೇಲೆ ಬಿತ್ತು. ಆ ಬಾಡಿಗೆ ನಾನೇ ಕೊಟ್ಟೆ, ಆದರೂ ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಅದಕ್ಕೇ ನಮ್ಮಂಥವರಿಗೆ ಹೇಳುತ್ತೇನೆ. ಹಿಸ್ಟಾರಿಕಲ್ ಪ್ರೈಸ್ ಅಂದರೆ ಹಿಂದಿನ ರೇಟುಗಳು. ಹಿಸ್ಟಾರಿಕ್ ಹೈ ಅಂದರೆ ಇಲ್ಲಿಯವರೆಗೆ ಇಲ್ಲದಷ್ಟು ಏರಿಕೆ. ಹಿಸ್ಟಾರಿಕ್ ಲೋ ಅಂದರೆ ಇಲ್ಲಿಯವರೆಗೆ ಇಲ್ಲದಷ್ಟು ಇಳಿಕೆ, ಅದನ್ನು ನೋಡಿ ಖುಷಿಪಡಬೇಡಿ. ಮಳೆಯದೂ ಹಾಗೇ. ಹಿಸ್ಟಾರಿಕಲ್ ರೇನ್‌ಫಾಲ್ ಡೇಟಾ ಅಂದರೆ ಹಳೆಯ ವರ್ಷಗಳ ಮಳೆ ಲೆಕ್ಕ, ಅದರಲ್ಲಿ ಬರದ ವರ್ಷವೂ ಇರುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ನಮ್ಮ ಜಿಲ್ಲೆ, ಯಾದಗಿರಿ ಜಿಲ್ಲೆಯ ಊರುಗಳಿಗೆ ನೀರು ನುಗ್ಗಿತಲ್ಲ, ಅದನ್ನು ಹಿಸ್ಟಾರಿಕ್ ಫ್ಲಡ್ ಅಂದರೆ ಯಾರೂ ಬೇಡ ಅನ್ನುವುದಿಲ್ಲ.

ಒಂದು ಸಂಶಯ ನನಗೂ ಇದೆ. ಅಕೌಂಟ್ಸ್ ಪುಸ್ತಕದಲ್ಲಿ ಹಿಸ್ಟಾರಿಕಲ್ ಕಾಸ್ಟ್ ಅಂತ ಇರುತ್ತದೆ, ವಸ್ತು ಕೊಂಡಾಗ ಕೊಟ್ಟ ಬೆಲೆ. ಕೆಲವು ಪುಸ್ತಕದಲ್ಲಿ ಅದನ್ನೇ ಹಿಸ್ಟಾರಿಕ್ ಕಾಸ್ಟ್ ಅಂತಲೂ ನೋಡಿದ್ದೇನೆ. ತಕ್ಕಡಿಗೂ ತೂಕದ ಬಟ್ಟಿಗೂ ಕೊಟ್ಟ ಬೆಲೆಯಲ್ಲಿ ನೆನಪಿಡುವಂಥದ್ದು ಏನಿದೆ?

ಸಗರನಾಡಿನವಳು (ಯಾದಗಿರಿ):

ಎಲ್ಲರೂ ಇಂಗ್ಲಿಷ್ ಕಡೆಯಿಂದ ನೋಡುತ್ತಿದ್ದೀರಿ. ನಾನು ಕನ್ನಡದ ಕಡೆಯಿಂದ ಒಂದು ಮಾತು ಹೇಳುತ್ತೇನೆ. ತುಂಬಾ ವರ್ಷ ಪತ್ರಿಕೆಗೆ ಕರಡು ತಿದ್ದಿದವಳು ನಾನು.

ಚೌಬಾರಾ ಅವರ ನಿಘಂಟು ತಪ್ಪು ಹೇಳಿಲ್ಲ. ಐತಿಹಾಸಿಕ ಅನ್ನುವ ಒಂದೇ ಪದದಲ್ಲಿ ನಾವು ಎರಡೂ ಕೆಲಸ ಮಾಡಿಸಿಕೊಳ್ಳುತ್ತೇವೆ. ಐತಿಹಾಸಿಕ ಕಾದಂಬರಿ ಅನ್ನುತ್ತೇವೆ, ಐತಿಹಾಸಿಕ ಗೆಲುವು ಅನ್ನುತ್ತೇವೆ. ಕಾದಂಬರಿ ಹಳೆಯ ಕಾಲದ ಬಗ್ಗೆ ಇದೆ, ಗೆಲುವು ನೆನಪಿಡುವಂಥದ್ದು. ಕನ್ನಡದಲ್ಲಿ ಪಕ್ಕದ ಪದ ನೋಡಿ ನಮಗೆ ತಾನಾಗಿ ಗೊತ್ತಾಗುತ್ತದೆ. ಇಂಗ್ಲಿಷಿಗೆ ಹೋಗುವಾಗ ಮಾತ್ರ ಅಲ್ಲಿ ಎರಡು ಬಾಗಿಲು ಇವೆ, ಯಾವುದರಲ್ಲಿ ಹೋಗಬೇಕು ಅಂತ ನಿಂತುಬಿಡುತ್ತೇವೆ. ಅವರಿಗೂ ನಮ್ಮ ಭಾಷೆಯಲ್ಲಿ ಹೀಗೇ ಆಗುತ್ತದೆ. ಭತ್ತ, ಅಕ್ಕಿ, ಅನ್ನ ಮೂರಕ್ಕೂ ರೈಸ್ ಅನ್ನುವವರು ಕನ್ನಡ ಕಲಿಯುವಾಗ ಅಂಗಡಿಯಲ್ಲಿ ಐದು ಕಿಲೋ ಅನ್ನ ಕೊಡಿ ಅನ್ನುತ್ತಾರೆ.

ಆದರೆ ಬೇರೆ ಮಾಡುವ ಪದ ನಮ್ಮಲ್ಲಿ ಇಲ್ಲವೇ ಇಲ್ಲ ಅಂತ ತಿಳಿಯಬೇಡಿ. ಪತ್ರಿಕೆಯಲ್ಲಿ ಚರಿತ್ರಾರ್ಹ ಅನ್ನುವ ಪದ ನೋಡಿರುತ್ತೀರಿ. ಚರಿತ್ರಾರ್ಹ ತೀರ್ಪು, ಚರಿತ್ರಾರ್ಹ ಹೋರಾಟ. ಬಿಡಿಸಿ ನೋಡಿ, ಚರಿತ್ರೆಗೆ ಅರ್ಹ, ಅಂದರೆ ಚರಿತ್ರೆಯಲ್ಲಿ ಬರೆದಿಡಲು ಯೋಗ್ಯವಾದದ್ದು. ಅದೇ ಹಿಸ್ಟಾರಿಕ್. ಚಾರಿತ್ರಿಕ ಅಂದರೆ ಚರಿತ್ರೆಗೆ ಸೇರಿದ್ದು, ಅದು ಹಿಸ್ಟಾರಿಕಲ್. ಈಗೀಗ ಚಾರಿತ್ರಿಕವನ್ನೂ ಎರಡು ಕಡೆ ಬಳಸುತ್ತಾರೆ, ಅದು ಬೇರೆ ಮಾತು. ಚರಿತ್ರಾರ್ಹ ಮಾತ್ರ ತನ್ನ ಜಾಗ ಬಿಟ್ಟಿಲ್ಲ.

ಹಾಗಾಗಿ ನಾನು ಮಾಡುವ ಪರೀಕ್ಷೆ ಬಹಳ ಸುಲಭ. ಇಂಗ್ಲಿಷ್ ಬರೆಯುವ ಮೊದಲು ಮನಸ್ಸಿನಲ್ಲೇ ಕನ್ನಡದಲ್ಲಿ ಚರಿತ್ರಾರ್ಹ ಹಾಕಿ ನೋಡಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನದ 371 ಜೆ ವಿಧಿ ಕೊಟ್ಟ, 2012ರ 98ನೇ ಸಂವಿಧಾನ ತಿದ್ದುಪಡಿ ಚರಿತ್ರಾರ್ಹ ಅಂದಾಗ ಕಿವಿಗೆ ಸರಿ ಕೇಳುತ್ತದೆ, ಹಿಸ್ಟಾರಿಕ್ ಬರೆಯಿರಿ. ಚರಿತ್ರಾರ್ಹ ಹೂದಾನಿ ಅಂದರೆ ಕಿವಿ ಒಪ್ಪುವುದಿಲ್ಲ, ಅಲ್ವಾ? ಮಾಮಾ ಅವರ ಕಿವಿ ಇದನ್ನೇ ಹೇಳಿದ್ದು. ಅವರಿಗೆ ಇಂಗ್ಲಿಷ್ ಎಷ್ಟು ಬರುತ್ತದೋ ಗೊತ್ತಿಲ್ಲ, ಮಾತಿನ ತೂಕ ಚೆನ್ನಾಗಿ ಗೊತ್ತು.

ಹಫ್ತ್ ಗುಂಬಜ್ (ಕಲಬುರಗಿ):

ಮಾಸ್ತರರು ಹೇಳಿದ್ದು ಬಹುಪಾಲು ಸರಿ. ಒಂದು ಕಡೆ ಮಾತ್ರ ನನಗೆ ಒಪ್ಪಿಗೆ ಇಲ್ಲ. ಪ್ರವಾಸಿಗಳಿಗೆ ಕೋಟೆ, ಗುಂಬಜ್ ತೋರಿಸುವುದು ನನ್ನ ಕೆಲಸ, ದಿನಾ ಅವರ ಬಾಯಲ್ಲಿ ಈ ಪದ ಕೇಳುತ್ತೇನೆ.

ಕಟ್ಟಡದ ವಿಷಯ ಬಂದಾಗ ಆ ಗೆರೆ ಅಳಿಸಿಹೋಗುತ್ತದೆ. ಹೊರದೇಶದವರು ಹಿಸ್ಟಾರಿಕ್ ಹೌಸ್ ಅಂದರೆ ಅಲ್ಲಿ ಯುದ್ಧ ಆಯಿತು, ಒಪ್ಪಂದ ಆಯಿತು ಅಂತ ಅರ್ಥ ಅಲ್ಲ. ಹಳೆಯದು, ಉಳಿಸಿಕೊಳ್ಳಬೇಕಾದದ್ದು, ಅಷ್ಟೇ. ಅಮೆರಿಕದಲ್ಲಿ ಹಳೆಯ ಕಟ್ಟಡಗಳ ಸರ್ಕಾರಿ ಪಟ್ಟಿಯ ಹೆಸರೇ ನ್ಯಾಷನಲ್ ರಿಜಿಸ್ಟರ್ ಆಫ್ ಹಿಸ್ಟಾರಿಕ್ ಪ್ಲೇಸಸ್. ಅದರಲ್ಲಿ ಸಾಧಾರಣ ಮನೆಗಳೂ ಇವೆ, ಸೇತುವೆಗಳೂ ಇವೆ. ನಮ್ಮ ಕಾನೂನು ಬೇರೆ ದಾರಿ ಹಿಡಿದಿದೆ. 1958ರ ಪುರಾತನ ಸ್ಮಾರಕಗಳ ಕಾಯ್ದೆಯಲ್ಲಿ ಸ್ಮಾರಕ ಅಂದರೆ ಏನು ಅಂತ ಹೇಳುವಾಗ ಹಿಸ್ಟಾರಿಕಲ್, ಆರ್ಕಿಯಲಾಜಿಕಲ್ ಅಥವಾ ಆರ್ಟಿಸ್ಟಿಕ್ ಇಂಟರೆಸ್ಟ್ ಇರುವುದು, ನೂರು ವರ್ಷಕ್ಕೆ ಕಡಿಮೆ ಇಲ್ಲದ್ದು ಅನ್ನುತ್ತಾರೆ. ದೊಡ್ಡತನ ಹೇಳಬೇಕಾದಾಗ ರಾಷ್ಟ್ರೀಯ ಮಹತ್ವದ್ದು ಅಂತ ಬೇರೆ ಮಾತನ್ನೇ ಇಟ್ಟಿದ್ದಾರೆ. ಅಂದರೆ ಹಳೆಯದಾಗಿರುವುದು ಒಂದು, ದೊಡ್ಡದಾಗಿರುವುದು ಇನ್ನೊಂದು ಅಂತ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಾಗಿ ಬೀದರ್ ಹಿಸ್ಟಾರಿಕಲ್ ಸಿಟಿ ಅಂದರೆ ತಪ್ಪಲ್ಲ. ಹಿಸ್ಟಾರಿಕ್ ಅಂದರೆ ಮಾತಿಗೆ ಬಲ ಜಾಸ್ತಿ. ಓದುವವರು ಎರಡನ್ನೂ ಅರ್ಥ ಮಾಡಿಕೊಳ್ಳುತ್ತಾರೆ. ಕಲಬುರಗಿ ಕೋಟೆಯೊಳಗಿನ 1367ರ ಜಾಮಿ ಮಸೀದಿ ತೋರಿಸುವಾಗ ನಾನು ಈ ಎರಡೂ ಪದ ಬಿಟ್ಟು ನೇರವಾಗಿ ವಿಷಯಕ್ಕೆ ಹೋಗುತ್ತೇನೆ. ಬೇರೆ ಮಸೀದಿಗಳಲ್ಲಿ ನಡುವೆ ಬಯಲು ಅಂಗಳ ಇರುತ್ತದೆ, ಇಲ್ಲಿ ಇಲ್ಲ, ಇಡೀ ಮಸೀದಿಗೆ ಸೂರು ಇದೆ, ತಲೆ ಎತ್ತಿ ನೋಡಿ ಅನ್ನುತ್ತೇನೆ. ಅವರು ನೋಡುತ್ತಾರೆ, ಆಮೇಲೆ ಅವರೇ ಹಿಸ್ಟಾರಿಕ್ ಅನ್ನುತ್ತಾರೆ. ಚೌಬಾರಾ ಅವರೇ, ನಿಮ್ಮ ಹಾಳೆಯಲ್ಲೂ ಮಣ್ಣು ಉಜ್ಜಿದಾಗ ಕಪ್ಪು ಏಳುವ ಆ ಮಾತು ಬರೆಯಿರಿ. ಇಲ್ಲಿ ಎಷ್ಟು ಚೆನ್ನಾಗಿ ಬರೆದಿದ್ದೀರಿ.

ಪಾನ್‌ದಾನ್ ವಿಷಯಕ್ಕೆ ಒಂದು ಎಚ್ಚರಿಕೆ ಹೇಳಲೇಬೇಕು. ಅದನ್ನು ಹಿಸ್ಟಾರಿಕ್ ಅಂತ ಬರೆದು ಮಾರಾಟದ ಸಾಮಾನಿನ ಜೊತೆ ಇಡಬೇಡಿ. ಓದಿದವರು ಆಂಟಿಕ್ ಅಂತಲೇ ತಿಳಿಯುತ್ತಾರೆ. 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ಕಲಾವಸ್ತುಗಳು ಪುರಾತನ ವಸ್ತು ಅನ್ನಿಸಿಕೊಳ್ಳುತ್ತವೆ. ಅವನ್ನು ಮಾರುವ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದ ಹೊರಗೆ ಕಳಿಸುವಂತೆಯೇ ಇಲ್ಲ. ವಿದೇಶದವರು ಕೊಂಡು ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದರೆ ಅವರಿಗೂ ತೊಂದರೆ, ನಿಮಗೂ ತೊಂದರೆ. ನಿಮ್ಮ ಪಾನ್‌ದಾನ್ ಎಷ್ಟು ವರ್ಷದ್ದು ಅಂತ ಮೊದಲು ಮನೆಯಲ್ಲಿ ಹಿರಿಯರನ್ನು ಕೇಳಿ.

ಮಳಖೇಡ ಮಾಸ್ತರ (ಕಲಬುರಗಿ):

ಕಟ್ಟಡದ ಮಾತು ಒಪ್ಪಿದೆ. ನಾನು ಗೆರೆ ಸ್ವಲ್ಪ ಬಿಗಿಯಾಗಿಯೇ ಎಳೆದೆ, ಮಕ್ಕಳಿಗೆ ಹೇಳಿ ಹೇಳಿ ಹಾಗೆ ಅಭ್ಯಾಸ. ತೊಗರಿ ಚೀಲ ಅವರ ಹಿಸ್ಟಾರಿಕ್ ಕಾಸ್ಟ್ ಕೂಡ ಹಂಚಿಕೆಗೆ ಮೊದಲಿನ ಬಳಕೆಯ ಉಳಿಕೆ. ಲೆಕ್ಕದವರು ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತಾರೆ. ನೀವು ಬರೆಯುವಾಗ ಹಿಸ್ಟಾರಿಕಲ್ ಕಾಸ್ಟ್ ಅಂತಲೇ ಬರೆಯಿರಿ, ಯಾರಿಗೂ ಗೊಂದಲ ಆಗುವುದಿಲ್ಲ.

ಚರಿತ್ರಾರ್ಹ ಪರೀಕ್ಷೆ ನಾಳೆಯೇ ತರಗತಿಯಲ್ಲಿ ಹೇಳುತ್ತೇನೆ. ಇಷ್ಟು ವರ್ಷ ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಬಿಡಿಸಲು ಹೋಗುತ್ತಿದ್ದೆ. ಇದೇ ಬಗೆಯ ಜೋಡಿ ಇನ್ನೂ ಇವೆ. ಕ್ಲಾಸಿಕ್ ಅಂದರೆ ಆ ಬಗೆಯಲ್ಲಿ ಮೇಲ್ಮಟ್ಟದ್ದು. ಕ್ಲಾಸಿಕಲ್ ಅಂದರೆ ಹಳೆಯ ಶಾಸ್ತ್ರೀಯ ಪರಂಪರೆಗೆ ಸೇರಿದ್ದು. 2008ರಲ್ಲಿ ಕನ್ನಡಕ್ಕೆ ಸಿಕ್ಕಿದ್ದು ಕ್ಲಾಸಿಕಲ್ ಸ್ಥಾನ. ಎಕನಾಮಿಕ್ ಅಂದರೆ ಹಣಕಾಸಿನ ವ್ಯವಸ್ಥೆಗೆ ಸಂಬಂಧಿಸಿದ್ದು, ಎಕನಾಮಿಕಲ್ ಅಂದರೆ ಖರ್ಚು ಉಳಿಸುವಂಥದ್ದು. ಆದರೆ ಇಕ್ ತೂಕದ್ದು, ಇಕಲ್ ಸಾದಾ ಅಂತ ಸೂತ್ರ ಮಾಡಿಕೊಳ್ಳಬೇಡಿ, ಜೋಡಿಯಿಂದ ಜೋಡಿಗೆ ಹಂಚಿಕೆ ಬೇರೆ ಇದೆ.

ಕಾಗಿಣಾ ದಂಡೆ (ಸೇಡಂ):

ನಡುವೆ ಬಂದು ಕೇಳುತ್ತಿದ್ದೇನೆ. ಎ ಹಿಸ್ಟಾರಿಕ್ ಅನ್ನಬೇಕಾ, ಆನ್ ಹಿಸ್ಟಾರಿಕ್ ಅನ್ನಬೇಕಾ? ಟಿವಿಯಲ್ಲಿ ಎರಡೂ ಕೇಳಿದ್ದೇನೆ.

ಮಳಖೇಡ ಮಾಸ್ತರ (ಕಲಬುರಗಿ):

ಎ ಹಾಕಿ ಸಾಕು. ಹಿಸ್ಟರಿ ಅನ್ನುವಾಗ ಒತ್ತು ಮೊದಲ ಅಕ್ಷರದ ಮೇಲೆ ಬೀಳುತ್ತದೆ. ಹಿಸ್ಟಾರಿಕ್ ಅನ್ನುವಾಗ ಅದು ಎರಡನೆಯದಕ್ಕೆ ಸರಿಯುತ್ತದೆ, ಆಗ ಮೊದಲಿನ ಹಕಾರ ಮೆತ್ತಗಾಗುತ್ತದೆ. ಆ ಹಕಾರ ನುಂಗಿ ಮಾತಾಡುವವರು ಆನ್ ಅನ್ನುತ್ತಿದ್ದರು, ಈಗಲೂ ಕೆಲವರು ಅನ್ನುತ್ತಾರೆ. ನಾವು ಹಕಾರ ತುಂಬು ಬಾಯಿಂದ ಹೇಳುವವರು. ನಮಗೆ ಎ ಸರಿ.

ಚೌಬಾರಾ (ಬೀದರ್):

ಎಲ್ಲರ ಉತ್ತರವನ್ನೂ ನಿನ್ನೆ ರಾತ್ರಿ ಊಟ ಆದ ಮೇಲೆ ಮಾಮಾಗೆ ಒಂದೊಂದಾಗಿ ಓದಿ ಹೇಳಿದೆ. ಚರಿತ್ರಾರ್ಹ ಹೂದಾನಿ ಬಂದಾಗ "ಹೌದ್ ನೋಡು, ಇದೇ ನಾ ಹೇಳಿದ್ದು" ಅಂದರು. ತೊಗರಿ ಚೀಲ ಅಣ್ಣ, ನೀವು ಬಾಡಿಗೆ ಕೊಟ್ಟಿದ್ದು ಕೇಳಿ ಅವರಿಗೆ ನಿಮ್ಮ ಮೇಲೆ ಬಹಳ ಅಭಿಮಾನ ಬಂದಿದೆ, ಬೀದರಿಗೆ ಬಂದರೆ ಮನೆಗೆ ಬರಲೇಬೇಕಂತೆ.

ಹಾಳೆ ಹೊಸದಾಗಿ ಬರೆದೆ. ಮೊದಲ ಸಾಲು ಊರಿನಿಂದ ಶುರುವಾಗುವುದಿಲ್ಲ ಈಗ, ಮಣ್ಣಿನಿಂದ ಶುರುವಾಗುತ್ತದೆ. ತಟ್ಟೆ ಹೇಗೆ ಕಪ್ಪಗಾಗುತ್ತದೆ, ಬೆಳ್ಳಿ ಹೇಗೆ ಉಳಿಯುತ್ತದೆ, ನಾಲ್ಕು ಸಾಲು. ಅದಾದ ಮೇಲೆ ಹಿಸ್ಟಾರಿಕ್ ಸಿಟಿ. ಹೂದಾನಿಗೆ ಮಾಮಾ ಹೇಳಿದಂತೆ ಹೀಗೆ ಬರೆದಿದ್ದೇನೆ: ಹಿಸ್ಟಾರಿಕಲ್ ಡಿಸೈನ್, ಮೇಡ್ ದಿಸ್ ಇಯರ್ ಇನ್ ದಿಸ್ ರೂಮ್. ಈ ಕೋಣೆಯಲ್ಲಿ ಅನ್ನುವ ಮಾತು ಇರಲೇಬೇಕು ಅಂತ ಅವರು ಹಟ ಹಿಡಿದರು. ಜಿಐ ಸಾಲಿನಲ್ಲಿ ಹಿಸ್ಟಾರಿಕ್ ಹಾಗೇ ಇದೆ.

ಪಾನ್‌ದಾನ್ ಬಗ್ಗೆ ಅಜ್ಜಿಯನ್ನು ಕೇಳಿದೆವು. ಅವರ ಅತ್ತೆ ಮದುವೆಯಾಗಿ ಬರುವಾಗ ತಂದದ್ದಂತೆ, ಯಾವ ವರ್ಷ ಅಂತ ಅವರಿಗೂ ಗೊತ್ತಿಲ್ಲ. ಒರೆಸಿ, ಸುಣ್ಣದ ಡಬ್ಬಿ ಒಳಗಿಟ್ಟು ಮತ್ತೆ ಕಪಾಟಿನಲ್ಲೇ ಇಟ್ಟರು. ಹಾಳೆಯಿಂದ ಆ ಎರಡು ಸಾಲು ತೆಗೆದಿದ್ದೇನೆ. ಕಪಾಟಿನ ಗಾಜಿಗೆ ಚಿಕ್ಕ ಚೀಟಿ ಅಂಟಿಸಿದ್ದೇನೆ: ಅವರ್ ಗ್ರ್ಯಾಂಡ್‌ಮದರ್ಸ್ ಪಾನ್‌ದಾನ್, ನಾಟ್ ಫಾರ್ ಸೇಲ್.